ಪಾನಿಪೂರಿ ಗಾಡಿಯ ಡೈನಮೋ

ಕೀ ತಿರುಗಿಸಿದಾಗ ಸೆಲ್ಫು ಕಟಕಟ ಎಂದಿತು. ಭಾನುಪ್ರಿಯ ಇನ್ನೊಮ್ಮೆ ತಿರುಗಿಸಿದಳು. ಈ ಸಲ ಒಂದೇ ಒಂದು ಕಟ್, ಅಷ್ಟೇ. ಬಂಗಾರಪೇಟೆ ಸ್ಟೇಷನ್ ರಸ್ತೆಯಲ್ಲಿ ಚಾಟ್ಸ್ ಮಾರುವವರೆಲ್ಲ ಇತ್ತ ತಿರುಗಿದರು. ಅವರಿಗೆ ಇದು ಹೊಸ ದೃಶ್ಯವಲ್ಲ. ಆದರೂ ನೋಡುವುದನ್ನು ಬಿಟ್ಟಿರಲಿಲ್ಲ.

“ಬನ್ರಪ್ಪಾ, ಒಂದು ಕೈ ಹಾಕಿ,” ಎಂದು ಅವಳು ಕಿಟಕಿಯಿಂದ ತಲೆ ಹೊರಹಾಕಿ ಕೂಗಿದಳು.

ಆಗಷ್ಟೇ ತಿಂದು ಮುಗಿಸಿ ಬಾಯಿ ಒರೆಸಿಕೊಳ್ಳುತ್ತಿದ್ದ ಇಬ್ಬರು ಹುಡುಗರು ಟೆಂಪೋದ ಹಿಂದಕ್ಕೆ ಬಂದರು. ದಿನಾ ರೈಲಿನಲ್ಲಿ ಬೆಂಗಳೂರಿಗೆ ಹೋಗಿಬರುವವರು.

“ಏನಕ್ಕಾ, ನಿಮ್ಮತ್ರ ತಿಂದಿದ್ದು ಇಲ್ಲೇ ಅರಗೋಯ್ತದಲ್ಲ,” ಎಂದ ಒಬ್ಬ.

“ಹಸಿವಾದ್ರೆ ನಾಳೆ ಮತ್ತೆ ಬನ್ನಿ,” ಎಂದಳು ಭಾನುಪ್ರಿಯ. ಎರಡನೇ ಗೇರಿನಲ್ಲಿ ಕ್ಲಚ್ ಬಿಟ್ಟಳು. ಟೆಂಪೋ ಕೆಮ್ಮಿ, ನಡುಗಿ, ಸ್ಟಾರ್ಟ್ ಆಯಿತು. ಪಕ್ಕದ ಸೀಟಿನಲ್ಲಿದ್ದ ಅವಳ ಮಾವ ಶ್ರೀನಿವಾಸಪ್ಪ ಕೆಳಗಿಳಿದೂ ಇರಲಿಲ್ಲ, ತಳ್ಳಿಯೂ ಇರಲಿಲ್ಲ. ನೇರ ಮುಂದೆ ನೋಡುತ್ತ ಕೂತಿದ್ದ. ಟೆಂಪೋ ತಳ್ಳಿಸಿಕೊಳ್ಳುವಾಗಲೆಲ್ಲ ಅವನು ಹೀಗೆಯೇ ಕೂರುತ್ತಿದ್ದ, ಯಾವುದೋ ಬಾಡಿಗೆ ಗಾಡಿಯಲ್ಲಿ ಬಂದವನ ಹಾಗೆ.

ಶ್ರೀನಿವಾಸಪ್ಪ ಕೆಜಿಎಫ್‌ನ ಯಂತ್ರಗಳ ಫ್ಯಾಕ್ಟರಿಯ ಪೇಂಟ್ ಶಾಪಿನಿಂದ ರಿಟೈರ್ ಆದವನು. ಆಮೇಲೆ ಸುಮ್ಮನೆ ಕೂರಲಾಗದೆ ಬಂಗಾರಪೇಟೆಯಲ್ಲಿ ಪಾನಿಪೂರಿ ತಳ್ಳುಗಾಡಿ ಇಟ್ಟ. ಊರಿಗಾಂನ ಲೈನಿನಲ್ಲಿ, ಗಣಿ ಕಾಲದ ಸಾಲುಮನೆಯೊಂದರಲ್ಲಿ, ಹೆಂಡತಿ ಕದಿರಮ್ಮನೂ ಸೊಸೆ ಭಾನುಪ್ರಿಯಳೂ ಪೂರಿ ಲಟ್ಟಿಸಿ, ಕರಿದು, ಡಬ್ಬಗಳಿಗೆ ತುಂಬಿ ಕೊಡುವುದು. ಅವನು ಬಸ್ಸಿನಲ್ಲಿ ಒಯ್ದು ಮಾರುವುದು. ಹೋದ ವರ್ಷ ಭಾನುಪ್ರಿಯ ಡ್ರೈವಿಂಗ್ ಕಲಿತಳು, ಹಠ ಹಿಡಿದು ಈ ಹಳೆಯ ಮಿನಿ ಟೆಂಪೋ ಕೊಡಿಸಿಕೊಂಡಳು. ಅಂದಿನಿಂದ ಕೌಂಟರಿನಲ್ಲಿ ನಿಲ್ಲುವವಳು ಅವಳು. ಮಾವ ಹಿಂದೆ ಸ್ಟೂಲಿನ ಮೇಲೆ ಕೂತು ಈರುಳ್ಳಿ ಹೆಚ್ಚುವವನು. ಇದು ಅವನಿಗೆ ಹಿಡಿಸಲಿಲ್ಲ. ಅವಳಿಗೆ ತುಂಬ ಹಿಡಿಸಿತು. ಅವಳ ಗಂಡ ರವಿಕಿರಣ್ ಫ್ಯಾಕ್ಟರಿಯಲ್ಲಿ ವೆಲ್ಡರ್. ಈ ವಿಷಯದಲ್ಲಿ ಅವನಿಗೆ ಅಪ್ಪನ ಮುಂದೆ ಒಂದು ಅಭಿಪ್ರಾಯ, ಹೆಂಡತಿಯ ಮುಂದೆ ಇನ್ನೊಂದು. ಸಾಧ್ಯವಾದಾಗಲೆಲ್ಲ ಓವರ್‌ಟೈಮ್ ಮಾಡುತ್ತಿದ್ದ.

ಟೆಂಪೋ ಮೊದಲೆಲ್ಲ ಚೆನ್ನಾಗಿಯೇ ಓಡುತ್ತಿತ್ತು. ಎಫ್‌ಸಿ ಎಂಬ ಆರ್‌ಟಿಒ ತಪಾಸಣೆ ಮುಗಿದ ಮೇಲೆ ಅವಳು ಅದರಲ್ಲೊಂದು ಪುಟ್ಟ ಫ್ರಿಜ್ಜು ಕೂರಿಸಿದಳು, ಗಾಡಿಯ ಬ್ಯಾಟರಿಯಲ್ಲೇ ಓಡುವಂಥದ್ದು. ಬಂಗಾರಪೇಟೆಯ ಪಾನಿ ನೋಡಲು ಕುಡಿಯುವ ನೀರಿನ ಹಾಗೆ ತಿಳಿಯಾಗಿರುತ್ತದೆ, ಬಾಯಿಗಿಟ್ಟರೆ ಕಿವಿಯಲ್ಲಿ ಹೊಗೆ. ಅದು ತಣ್ಣಗಿದ್ದರೇ ರುಚಿ. ಐಸ್ ಹಾಕಿದರೆ ಕರಗಿ ಸಪ್ಪೆಯಾಗುತ್ತದೆ. ಫ್ರಿಜ್ಜು ಬಂದ ಮೇಲೆ ವ್ಯಾಪಾರ ಏರಿತು, ಬ್ಯಾಟರಿ ಇಳಿಯಿತು. ಮಾರುವಾಗ ಇಂಜಿನ್ ಓಡಿಸುವಂತಿರಲಿಲ್ಲ. ಡೀಸೆಲ್ ಹೊಗೆಯ ಮಧ್ಯೆ ನಿಂತು ಯಾರೂ ಪಾನಿಪೂರಿ ತಿನ್ನುವುದಿಲ್ಲ. ಬ್ಯಾಟರಿ ಬದಲಾಯಿಸಿ ನೋಡಿದರು. ಹೊಸ ಬ್ಯಾಟರಿಯೂ ಹಳೆಯದರ ದಾರಿಯನ್ನೇ ಹಿಡಿಯಿತು.

ಊರಿಗಾಂ ಹತ್ತಿರ ಬಂದಾಗ ಶ್ರೀನಿವಾಸಪ್ಪ ಬಾಯಿ ಬಿಟ್ಟ.

“ಮುನಿಸ್ವಾಮಪ್ಪ ಗಾಡಿ ಕೇಳ್ತಾವ್ನೆ. ಕೋಸು, ಟೊಮೆಟೊ ಸಾಗ್ಸಕ್ಕೆ ಬೇಕಂತೆ. ಸೋಮವಾರ ಬಂದು ನೋಡ್ತೀನಿ ಅಂದವ್ನೆ.”

“ನೋಡ್ಲಿ ಬಿಡಿ ಮಾವ. ನೋಡೋಕೆ ಟಿಕೆಟ್ ಇಲ್ವಲ್ಲ.”

“ತಮಾಷೆ ಬ್ಯಾಡಮ್ಮ. ಭಾನುವಾರದ ಯಾಪಾರ ಮುಗಿಸ್ಕೊಂಡು ಇದು ತಾನಾಗಿ ಸ್ಟಾರ್ಟ್ ಆದ್ರೆ ಇಟ್ಕೊ. ತಳ್ಳೋದೇ ಆದ್ರೆ ನನ್ ತಳ್ಳುಗಾಡೀನೇ ತಳ್ತೀನಿ. ಅದಕ್ಕೆ ಎಸ್ರೇ ಅಂಗೈತೆ, ಮಾನ ಓಗಲ್ಲ.”

ಭಾನುಪ್ರಿಯ ಗೇರು ಬದಲಾಯಿಸಿದಳು. ಟೆಂಪೋದ ಆರ್‌ಸಿ ಮಾವನ ಹೆಸರಿನಲ್ಲಿತ್ತು. ಟೆಂಪೋ ಹೋದರೆ ಅವಳು ಮತ್ತೆ ಅಡುಗೆಮನೆಯಲ್ಲಿ ಬಾಣಲೆಯ ಮುಂದೆ. ಆ ಬಾಣಲೆ ಅವಳಿಗೆ ಸಾಕಾಗಿತ್ತು.

*

ಮುನೇಶನ ಶೆಡ್ಡು ಊರಿಗಾಂ ದಾಟಿ ಬಂಗಾರಪೇಟೆ ರಸ್ತೆಯಲ್ಲಿ, ಪಂಕ್ಚರ್ ಅಂಗಡಿಯ ಮಗ್ಗುಲಲ್ಲಿದೆ. ಆಟೋ ಎಲೆಕ್ಟ್ರಿಷಿಯನ್. ಕನ್ನಡ, ತಮಿಳು, ತೆಲುಗು ಮೂರನ್ನೂ ಒಂದೇ ಉಸಿರಿನಲ್ಲಿ ಆಡುತ್ತಾನೆ. ಬೈಯುವಾಗ ಮಾತ್ರ ತಮಿಳು ಬಿಟ್ಟು ಕದಲುವುದಿಲ್ಲ.

“ಏನೇನು ಓಡಿಸ್ತೀಯ ಹೇಳು ಮಾ,” ಎಂದ, ಮರುದಿನ ಬೆಳಿಗ್ಗೆ ಟೆಂಪೋ ತಂದು ನಿಲ್ಲಿಸಿದ ಭಾನುಪ್ರಿಯಳಿಗೆ.

“ಫ್ರಿಜ್ಜು. ಒಳಗಡೆ ಲೈಟು. ಬೋರ್ಡಿನ ಲೈಟು. ಒಂದು ಫ್ಯಾನು. ಮಿಕ್ಸಿ.”

“ಮಿಕ್ಸಿನಾ?”

“ಇನ್ವರ್ಟರ್ ಇಟ್ಟಿದ್ದೀನಿ. ಮೆಣಸಿನಕಾಯಿ ಅಲ್ಲೇ ರುಬ್ಬಿದ್ರೆ ಘಮ ಅಂತದೆ.”

“ಟಿವಿ ಬಿಟ್ಟುಬಿಟ್ಟಿದ್ದೀಯ.”

“ಮಾವ ಕೇಳಿದ್ರು. ಆಮೇಲೆ ನೋಡೋಣ ಅಂದೆ.”

ಮುನೇಶ ಡ್ರೈವರ್ ಸೀಟನ್ನು ಎತ್ತಿ ಒಳಗೆ ಇಣುಕಿದ. ಈ ಟೆಂಪೋದಲ್ಲಿ ಇಂಜಿನ್ ಇರುವುದು ಸೀಟಿನ ಕೆಳಗೆ. ಇಂಜಿನ್ನಿನ ಪಕ್ಕಕ್ಕೆ ಅಂಟಿಕೊಂಡಿದ್ದ ಡೈನಮೋ ಒಂದು ದೊಡ್ಡ ಮೂಸಂಬಿಯಷ್ಟಿತ್ತು. ಪುಸ್ತಕದಲ್ಲಿ ಅದನ್ನು ಆಲ್ಟರ್ನೇಟರ್ ಎನ್ನುತ್ತಾರೆ. ಕೆಜಿಎಫ್‌ನಲ್ಲಿ ಯಾರೂ ಹಾಗೆನ್ನುವುದಿಲ್ಲ. ಇಂಜಿನ್ ತಿರುಗಿದಾಗ ಬೆಲ್ಟಿನಿಂದ ತಿರುಗಿ ಬ್ಯಾಟರಿಗೆ ಕರೆಂಟು ತುಂಬುವುದು ಅದರ ಕೆಲಸ.

“ಇದು ಹೆಡ್‌ಲೈಟಿಗೂ ಹಾರ್ನಿಗೂ ಅಂತ ಕೊಟ್ಟಿರೋದು. ನಿನ್ನ ಹೋಟೆಲ್ಲಿಗಲ್ಲ,” ಎಂದ. “ಹಿಂಗೆ ತಿಳ್ಕೊ. ಬ್ಯಾಟರಿ ಅಂದ್ರೆ ನಿಮ್ಮನೆ ನೀರಿನ ಡ್ರಮ್ಮು. ಡೈನಮೋ ಅಂದ್ರೆ ಟ್ಯಾಂಕರು. ಸಂಜೆಯೆಲ್ಲ ನೀನು ಡ್ರಮ್ಮಿಂದ ಮೊಗೀತೀಯ. ಟ್ಯಾಂಕರು ಬಂದು ಎರಡು ಬಿಂದಿಗೆ ಸುರಿದು ಹೋಗ್ತದೆ. ಡ್ರಮ್ಮು ಬದಲಾಯ್ಸಿದ್ರೆ ಏನು ಬಂತು?”

“ಹಂಗಾದ್ರೆ ದೊಡ್ಡ ಟ್ಯಾಂಕರೇ ತರ್ಸಿ.”

“ಟ್ಯಾಂಕರ್ ದೊಡ್ಡದಾದ್ರೆ ಪೈಪೂ ದಪ್ಪ ಆಗ್ಬೇಕು ಮಾ. ಹಳೇ ವೈರಲ್ಲಿ ಅಷ್ಟು ಕರೆಂಟು ಬಿಟ್ರೆ ಸುಟ್ಟು ಬೂದಿ ಆಗ್ತದೆ.”

ಅವನ ಶೆಡ್ಡಿನಲ್ಲಿ ಗುಜರಿ ಆಂಬುಲೆನ್ಸಿನಿಂದ ಬಿಚ್ಚಿದ ಡೈನಮೋ ಇತ್ತು. ಹಳೆಯದರ ಎರಡರಷ್ಟು ದಪ್ಪ. ಹೊಸ ಬೇರಿಂಗು, ಹೊಸ ಬ್ರಷ್ಷು ಹಾಕಿ, ಬೆಂಚಿನ ಮೇಲೆ ತಿರುಗಿಸಿ ತೋರಿಸಿದ. ಬಾಗಿಲಲ್ಲಿ ನಿಂತಿದ್ದ ಶ್ರೀನಿವಾಸಪ್ಪ ಅದನ್ನು ಕಾಲಬೆರಳಿನಿಂದ ತೋರಿಸಿದ.

“ಆಂಬುಲೆನ್ಸಿಂದಾ? ಎಷ್ಟು ಜನ ಸತ್ತವ್ರೋ ಅದ್ರಾಗೆ.”

“ಡೈನಮೋ ಸತ್ತಿಲ್ಲ ಶೀನಣ್ಣ. ಸೈರನ್ನು, ಎಸಿ, ಆಕ್ಸಿಜನ್ ಮಿಷಿನ್ನು ಎಲ್ಲಾ ಎಳೆದ ಗಟ್ಟಿ ಸಾಮಾನು. ನಿಮ್ಮ ಪಾನಿ ತಂಪು ಮಾಡೋದು ಇದಕ್ಕೆ ರಜಾ ಇದ್ದಂಗೆ.”

ಶುಕ್ರವಾರ ಇಡೀ ಹಗಲು ಕೆಲಸ ನಡೆಯಿತು. ಡೈನಮೋವನ್ನು ಬೋಲ್ಟಿಗೆ ಕೂರಿಸುವ ಕಿವಿ ಹಳೆಯದರ ಜಾಗಕ್ಕೆ ಹೊಂದಲಿಲ್ಲ. ಮುನೇಶ ಲೇತ್ ಅಂಗಡಿಯಲ್ಲಿ ಆ ಸಂದು ತುಂಬುವ ಒಂದು ಬುಷ್ ಹೊಡೆಸಿಕೊಂಡು ಬಂದ. ಅದರ ಪುಲ್ಲಿ ಇಂಜಿನ್ನಿನ ಪುಲ್ಲಿಯ ಗೆರೆಗೆ ನೇರ ಬರುವವರೆಗೆ ವಾಷರ್ ಸೇರಿಸಿದ, ತೆಗೆದ, ಮತ್ತೆ ಸೇರಿಸಿದ. ಉದ್ದದ ಬೆಲ್ಟು ಹಾಕಿ, ಬೆರಳಿನಿಂದ ಒತ್ತಿ ಬಿಗಿ ನೋಡಿದ. ಆಮೇಲೆ ಡೈನಮೋದಿಂದ ಬ್ಯಾಟರಿಯವರೆಗೆ ಹೆಬ್ಬೆರಳು ದಪ್ಪದ ಕೆಂಪು ಕೇಬಲ್ ಎಳೆದ. ಎರಡೂ ತುದಿಗೆ ತಿಂಬಲ್ ಎಂಬ ತಾಮ್ರದ ಬಳೆ ಹಾಕಿ, ಅಮುಕಿ, ಬೆಸೆದು, ಮೇಲೆ ಸ್ಲೀವ್ ತೊಡಿಸಿದ. ಬ್ಯಾಟರಿಯ ಹತ್ತಿರ ಒಂದು ದೊಡ್ಡ ಫ್ಯೂಸು. ಕೇಬಲ್ಲು ಸೈಲೆನ್ಸರ್ ಪೈಪಿಗೆ ತಾಗದ ಹಾಗೆ ಅಲ್ಲಲ್ಲಿ ಕ್ಲಿಪ್ಪು. ಭಾನುಪ್ರಿಯ ಟಾರ್ಚು ಹಿಡಿದು ಪಕ್ಕದಲ್ಲೇ ಇದ್ದಳು. ಕೆಳಗೆ ನುಗ್ಗಿ ಎರಡು ಕ್ಲಿಪ್ಪು ಅವಳೇ ಬಿಗಿದಳು, ಏಕೆಂದರೆ ಮುನೇಶನ ಹೊಟ್ಟೆ ಆ ಸಂದಿಗೆ ಹೋಗುತ್ತಿರಲಿಲ್ಲ.

ಕೊನೆಗೆ ಪರೀಕ್ಷೆ. ಮುನೇಶನ ಮೀಟರಿಗೆ ಗಜದುದ್ದದ ವೈರುಗಳು. ಬಗ್ಗಿ ಬಗ್ಗಿ ಸೊಂಟ ಹಿಡಿದ ಮೇಲೆ ಅವನೇ ಜೋಡಿಸಿಕೊಂಡದ್ದು. ಕಪ್ಪು ವೈರಿನ ತುದಿಗೆ ಮೊಸಳೆ ಕ್ಲಿಪ್ಪು. ಅದನ್ನು ಒಮ್ಮೆ ಇಂಜಿನ್ನಿಗೆ ಕಚ್ಚಿಸಿದರೆ ಪರೀಕ್ಷೆಯೆಲ್ಲ ಮುಗಿಯುವವರೆಗೆ ತೆಗೆಯುವವನಲ್ಲ. ಕೆಂಪು ಕಡ್ಡಿಯೊಂದನ್ನೇ ಹಿಡಿದು ಓಡಾಡುತ್ತಾನೆ. ಎಷ್ಟೋ ವರ್ಷದ ಅಭ್ಯಾಸ. ಬ್ಯಾಟರಿಯ ಪ್ಲಸ್ಸಿಗೆ ಕೆಂಪು ಕಡ್ಡಿ ಮುಟ್ಟಿಸಿದ. ಹದಿನಾಲ್ಕು ವೋಲ್ಟು ಚಿಲ್ಲರೆ.

“ಪರ್ಫೆಕ್ಟ್! ಇನ್ನು ನೀನು ಗಾಡಿ ಒಳಗೆ ಮದುವೆ ಮಾಡು,” ಎಂದ.

ಕದಿರಮ್ಮ ಮನೆಯ ಮುಂದೆ ಟೆಂಪೋಗೆ ಒಂದು ನಿಂಬೆಹಣ್ಣು ನಿವಾಳಿಸಿ ದೃಷ್ಟಿ ತೆಗೆದಳು. ಆಂಬುಲೆನ್ಸಿನ ವಿಷಯ ಅವಳ ಕಿವಿಗೆ ಬಿದ್ದಿತ್ತು.

*

ಶನಿವಾರ ಸಂಜೆ ಲೈಟು ಮತ್ತೆ ಮಂಕಾಯಿತು. ಮೊದಲಿಗಿಂತ ತುಸು ತಡವಾಗಿ, ಅಷ್ಟೇ ವ್ಯತ್ಯಾಸ. ಭಾನುಪ್ರಿಯ ಫ್ಯಾನು ಆರಿಸಿದಳು, ಮಿಕ್ಸಿ ಮುಟ್ಟಲಿಲ್ಲ. ಆದರೂ ಕೊನೆಗೆ ಕೀ ತಿರುಗಿಸಿದಾಗ ಸೆಲ್ಫು ಒಂದು ಸುತ್ತು ಗುರ್ ಎಂದು ನಿಂತುಬಿಟ್ಟಿತು. ಮತ್ತೆ ಕಟಕಟ.

ತಳ್ಳುವವರು ಬಂದರು. ಪಕ್ಕದ ಗೋಬಿ ಮಂಚೂರಿಯವನು ತನ್ನ ಬಾಣಲೆಯ ಉರಿ ಸಣ್ಣ ಮಾಡಿ, ಕೈ ಒರೆಸಿಕೊಂಡು, ಮಾಮೂಲಿ ಡ್ಯೂಟಿಗೆ ಬಂದವನ ಹಾಗೆ ಬಂದ. “ಹೊಸ ಡೈನಮೋ ಅಂದ್ರಿ?” ಎಂದ.

“ಹೊಸದೇ,” ಎಂದಳು ಭಾನುಪ್ರಿಯ.

“ತಳ್ಳೋಕೆ ಹಳೇದೇ ಹಗೂರ ಇತ್ತು.”

ಮನೆಯ ಮುಂದೆ ಇಳಿಯುವಾಗ ಶ್ರೀನಿವಾಸಪ್ಪ, “ನಾಳೆ ಒಂದ್ ದಿನ ಐತೆ,” ಎಂದ. ಅವನ ದನಿಯಲ್ಲಿ ಗೆದ್ದ ಸಂತೋಷವಿರಲಿಲ್ಲ. ಅದು ಇದ್ದಿದ್ದರೆ ಭಾನುಪ್ರಿಯಳಿಗೆ ಜಗಳವಾಡಲು ಸುಲಭವಾಗುತ್ತಿತ್ತು. ಅವಳು ಮುನೇಶನಿಗೆ ಫೋನ್ ಮಾಡಿ ಬಾಯಿಗೆ ಬಂದದ್ದೆಲ್ಲ ಅಂದಳು. ಅವನು ನಾಳೆ ಬೆಳಿಗ್ಗೆ ಮನೆಗೇ ಬರುತ್ತೇನೆ ಎಂದ.

*

ಭಾನುವಾರ ಮುನೇಶ ಶೆಡ್ಡು ತೆರೆಯುವುದಿಲ್ಲ. ಮಟನ್ ತರಲು ಹೊರಟವನು ಚೀಲ ಹಿಡಿದುಕೊಂಡೇ ಮೀಟರು, ಸಾಮಾನಿನ ಪೆಟ್ಟಿಗೆಯೊಂದಿಗೆ ಲೈನಿಗೆ ಬಂದ. ಮನೆಯ ಮುಂದೆ ಟೆಂಪೋ ನಿಂತಿತ್ತು. ಎಫ್‌ಸಿಗೆಂದು ಶ್ರೀನಿವಾಸಪ್ಪನೇ ಅದಕ್ಕೆ ಬಣ್ಣ ಹೊಡೆದಿದ್ದ. ಮೈಗೆ ತಿಳಿ ಹಸಿರು, ಕೆಳಗಿನ ಕಬ್ಬಿಣದ ಚೌಕಟ್ಟಾದ ಚಾಸಿಗೆ ಮಿರಮಿರ ಕಪ್ಪು. ಆ ಲೈನಿನಲ್ಲಿ ಅಷ್ಟು ನಯವಾದ ಬಣ್ಣ ಯಾವ ಮನೆಯ ಬಾಗಿಲಿಗೂ ಇರಲಿಲ್ಲ. ಎಫ್‌ಸಿ ಮಾಡಿದ ಇನ್ಸ್‌ಪೆಕ್ಟರು ಬ್ರೇಕು ನೋಡುವ ಮೊದಲು ಬಣ್ಣ ನೋಡಿ ಎಲ್ಲಿ ಹೊಡೆಸಿದ್ದು ಎಂದು ಕೇಳಿದ್ದನಂತೆ. ಈ ಮಾತನ್ನು ಲೈನಿನವರೆಲ್ಲ ಒಂದಕ್ಕಿಂತ ಹೆಚ್ಚು ಸಲ ಕೇಳಿದ್ದರು.

ಭಾನುಪ್ರಿಯ ತಳ್ಳಿಸಿ ಸ್ಟಾರ್ಟ್ ಮಾಡಿದಳು. ಫ್ರಿಜ್ಜು, ಲೈಟು, ಫ್ಯಾನು ಎಲ್ಲ ಹಾಕಿದಳು, ಖಾಲಿ ಮಿಕ್ಸಿಯನ್ನೂ ತಿರುಗಿಸಿದಳು. ಮುನೇಶ ಸೀಟು ಎತ್ತಿ ಇಂಜಿನ್ನಿಗೆ ಮೊಸಳೆ ಕ್ಲಿಪ್ಪು ಕಚ್ಚಿಸಿದ. ಕೆಂಪು ಕಡ್ಡಿ ಡೈನಮೋಗೆ ಮುಟ್ಟಿಸಿದ. ಹದಿನಾಲ್ಕು ಚಿಲ್ಲರೆ. ಕೆಳಗಿಳಿದು ಚಾಸಿಯ ಪಕ್ಕದಲ್ಲಿದ್ದ ಬ್ಯಾಟರಿಯ ಪ್ಲಸ್ಸಿಗೆ ಮುಟ್ಟಿಸಿದ. ಅಲ್ಲೂ ಹೆಚ್ಚುಕಡಿಮೆ ಅಷ್ಟೇ.

“ನೋಡು, ಕರೆಂಟು ಚೆನ್ನಾಗಿ ಬರ್ತಾ ಐತೆ. ಫ್ರಿಜ್ಜೇ ಕೆಟ್ಟಿರ್ಬೇಕು ಮಾ, ಜಾಸ್ತಿ ಎಳೀತೈತೆ.”

“ಮೊನ್ನೆ ಡೈನಮೋ, ಇವತ್ತು ಫ್ರಿಜ್ಜು. ನಾಳೆ ನನ್ನ ಜಾತಕ ಕೆಟ್ಟೈತೆ ಅಂತೀರ,” ಎಂದಳು ಭಾನುಪ್ರಿಯ. “ಇಂಜಿನ್ ರೈಸ್ ಮಾಡಿ ಇಡ್ತೀನಿ, ಸರಿಯಾಗಿ ನೋಡಿ.”

ಶ್ರೀನಿವಾಸಪ್ಪ ಬಾಗಿಲ ಪಕ್ಕ ಕಿಟಕಿಯ ಸರಳಿಗೆ ಕನ್ನಡಿ ಸಿಕ್ಕಿಸಿ ಗಡ್ಡ ಹೆರೆದುಕೊಳ್ಳುತ್ತಿದ್ದ. ಅರ್ಧ ಮುಖಕ್ಕೆ ನೊರೆ. ಇದ್ದಕ್ಕಿದ್ದಂತೆ ಕೈ ನಿಲ್ಲಿಸಿ ಮೂಗು ಮೇಲೆತ್ತಿದ.

“ಯಾವನ್ಲಾ ಅವನು ಎನಾಮಲ್ ಬೇಯಿಸ್ತಿರೋನು?”

“ಏನ್ರೀ ಅದು?” ಎಂದಳು ಕದಿರಮ್ಮ ಒಳಗಿಂದ.

“ಪೇಂಟು ಕಣೇ. ಓವನ್ನಾಗಿಟ್ಟ ಪೇಂಟು. ಬೇಯ್ತಾ ಐತೆ.”

“ನಂಗೆ ಸಾರಿನ ವಾಸ್ನೆ ಬಿಟ್ರೆ ಏನೂ ಬತ್ತಿಲ್ಲ.”

ಅವನು ಪೇಂಟ್ ಶಾಪಿನಲ್ಲಿ ತನ್ನ ಇಡೀ ನೌಕರಿ ಕಳೆದವನು. ಬಣ್ಣ ಹಚ್ಚಿದ ಭಾಗಗಳನ್ನು ಬಿಸಿ ಓವನ್ನಿಗೆ ತಳ್ಳಿ, ಹೊರಗೆ ತೆಗೆಯುವ ಹೊತ್ತನ್ನು ಗಡಿಯಾರಕ್ಕಿಂತ ಮೂಗಿನಿಂದಲೇ ಹೇಳುತ್ತಿದ್ದ. ಅರ್ಧ ಬೆಂದ ಬಣ್ಣ, ಹದವಾಗಿ ಬೆಂದ ಬಣ್ಣ, ಸೀದ ಬಣ್ಣ ಮೂರೂ ಅವನಿಗೆ ಬೇರೆ ಬೇರೆ ವಾಸನೆ. ರೇಜರು ಹಿಡಿದುಕೊಂಡೇ ಮೂಸುತ್ತ ಟೆಂಪೋದ ಸುತ್ತ ಬಂದ. ಬ್ಯಾಟರಿಯ ಹತ್ತಿರ ಕುಕ್ಕರಗಾಲಲ್ಲಿ ಕೂತ. ಬ್ಯಾಟರಿಯ ಮೈನಸ್ಸಿನಿಂದ ಹೊರಟ ಕಪ್ಪು ಪಟ್ಟಿ ಚಾಸಿಗೆ ಒಂದು ಬೋಲ್ಟಿನಿಂದ ಸೇರುವ ಜಾಗ ಅದು. ಆ ಬೋಲ್ಟಿನ ಸುತ್ತ ಅವನ ಮಿರಮಿರ ಕಪ್ಪು, ಪೂರಿಯ ಹಾಗೆ ಗುಳ್ಳೆ ಎದ್ದಿತ್ತು.

“ಅಯ್ಯೋ, ನನ್ ಪೇಂಟು!” ಎಂದ. “ಯಾರ್ಲಾ ಇದನ್ನ ಸುಟ್ಟೋನು? ಲೋ ಮುನೇಶ, ಬೆಸುಗೆ ಆಕುವಾಗ ನೀನೇ ಏನಾದ್ರೂ…”

ಮುನೇಶ ಬಗ್ಗಿ ಬೋಲ್ಟಿಗೆ ಬೆರಳು ಮುಟ್ಟಿಸಿ, ಸರಕ್ಕನೆ ಕೈ ಹಿಂದಕ್ಕೆ ತೆಗೆದು, ತಮಿಳಿನಲ್ಲಿ ಒಂದು ಮಾತು ಹೇಳಿದ. ಕದಿರಮ್ಮ ಒಳಗಿಂದ, “ಭಾನುವಾರ ಬೆಳಿಗ್ಗೇನೇ ಅಂಥ ಮಾತಾಡ್ಬ್ಯಾಡಪ್ಪ,” ಎಂದಳು. ಅವನು ಬೆರಳು ಬಾಯಲ್ಲಿಟ್ಟುಕೊಂಡು ಬೋಲ್ಟನ್ನೇ ನೋಡಿದ.

“ಶೀನಣ್ಣ, ಒಂದು ಮಾತು ಕೇಳ್ತೀನಿ. ಎಫ್‌ಸಿಗೆ ಪೇಂಟ್ ಹೊಡೆದಾಗ ಈ ಪಟ್ಟಿ ಮೇಲೆ ಹೊಡೆದ್ಯಾ, ಇಲ್ಲ ಬಿಚ್ಚಿ ಕೆಳಗೂ ಹೊಡೆದ್ಯಾ?”

ಶ್ರೀನಿವಾಸಪ್ಪನಿಗೆ ಇದು ಅವಮಾನಕರ ಪ್ರಶ್ನೆ. “ಮೇಲೆ ಬಳಿಯೋಕೆ ನಾನೇನು ಸೈಕಲ್ ಅಂಗಡಿ ಪೇಂಟ್ರಾ? ಪಟ್ಟಿ ಬಿಚ್ಚಿದೆ. ತುಕ್ಕು ಉಜ್ಜಿದೆ. ಪ್ರೈಮರ್ ಒಡ್ದೆ. ಒಣಗಿಸ್ದೆ. ಎರಡ್ ಕೋಟ್ ಕೊಟ್ಟೆ. ಅದು ಪೂರ್ತಿ ಒಣಗಿದ್ ಮೇಲೆ ಪಟ್ಟಿ ಇಟ್ಟು ಬೋಲ್ಟ್ ಬಿಗಿದೆ. ಇಂಜಿನ್ನಿಂದ ಚಾಸಿಗೆ ಬರೋ ಪಟ್ಟಿಗೂ ಅಂಗೇ ಮಾಡೀವ್ನಿ. ಬೇಕಾದ್ರೆ ಬಿಚ್ಚಿ ನೋಡು, ಒಂದ್ ಚುಕ್ಕೆ ಕಬ್ಬಿಣ ಕಾಣಲ್ಲ.”

“ಅದೇ ಶೀನಣ್ಣ,” ಎಂದ ಮುನೇಶ ಮೆಲ್ಲಗೆ. “ಕಬ್ಬಿಣ ಕಾಣ್ಬೇಕಿತ್ತು.”

ಅವನು ಇಂಜಿನ್ನಿಗೆ ಕಚ್ಚಿಸಿದ್ದ ಮೊಸಳೆ ಕ್ಲಿಪ್ಪನ್ನು ಬಿಚ್ಚಿ ತಂದು ಬ್ಯಾಟರಿಯ ಮೈನಸ್ಸಿಗೇ ಕಚ್ಚಿಸಿದ. ಕೆಂಪು ಕಡ್ಡಿ ಪ್ಲಸ್ಸಿಗೆ. ಮೀಟರು ಹನ್ನೆರಡೂವರೆ ತೋರಿಸಿತು. ಭಾನುಪ್ರಿಯ ಅವನ ಭುಜದ ಮೇಲಿಂದ ನೋಡಿದಳು.

“ಈಗ ತಾನೆ ಹದಿನಾಲ್ಕು ಅಂದ್ರಿ?”

“ಇಂಜಿನ್ನಿಗೆ ಇಟ್ಟು ನೋಡಿದ್ದೆ. ಬ್ಯಾಟರಿಗೆ ಇಟ್ಟು ನೋಡ್ಬೇಕಿತ್ತು. ಶುಕ್ರವಾರಾನೂ ಹಿಂಗೇ ಮಾಡಿದೆ.” ಮುನೇಶ ಕಿವಿಯ ಹಿಂದೆ ಕೆರೆದುಕೊಂಡ. “ಕರೆಂಟು ಬರೀ ಹೋದ್ರೆ ಸಾಲ್ದು ಮಾ, ವಾಪಸ್ ಡೈನಮೋಗೆ ಬರ್ಬೇಕು. ಹೋಗೋದು ನಾನು ಹಾಕಿದ ಕೆಂಪು ಕೇಬಲ್ಲಲ್ಲಿ. ಬರೋದು ಈ ಪಟ್ಟಿ, ಚಾ‌ಸಿ, ಇಂಜಿನ್ ಮೇಲೆ. ಹೋಗೋ ದಾರಿ ಹೈವೇ ಮಾಡಿದೆ. ಬರೋ ದಾರಿ ಕಡೆ ತಿರುಗಿ ನೋಡ್ಲಿಲ್ಲ.”

“ಬರೋ ದಾರಿಗೆ ಮಾವ ಎರಡು ಕೋಟ್ ಬಾಗಿಲು ಹಾಕವ್ರೆ,” ಎಂದಳು ಭಾನುಪ್ರಿಯ.

“ಬೋಲ್ಟಿನ ಥ್ರೆಡ್ಡಲ್ಲಿ ಬಣ್ಣ ಇಲ್ಲದ ಒಂಚೂರು ಸಂದಿ ಇತ್ತು, ಅಷ್ಟರಲ್ಲೇ ಕರೆಂಟು ನುಗ್ತಾ ಇತ್ತು. ಹಳೇ ಡೈನಮೋ ಸಣ್ಣದು, ಅಷ್ಟೇನೂ ಬಿಸಿ ಆಗ್ತಿರಲಿಲ್ಲ. ಇದು ದೊಡ್ಡದು, ಕರೆಂಟು ತಳ್ಳಿದ ತಕ್ಷಣ ಸುಡ್ತು.”

ಕದಿರಮ್ಮ ಸೌಟು ಹಿಡಿದು ಹೊರಗೆ ಬಂದಳು. ಗಂಡನ ಅರ್ಧ ನೊರೆಯ ಮುಖವನ್ನೂ ಬೋಲ್ಟನ್ನೂ ನೋಡಿದಳು. “ಅಂಗಾರೆ ಇಷ್ಟ್ ದಿನ ಫ್ರಿಜ್ಜಿಗೆ ಬೈದಿದ್ದು? ಎಫ್‌ಸಿ ಆದ್ ಮೇಲೆ ಕೆಡ್ತು, ಎಫ್‌ಸಿ ಆದ್ ಮೇಲೆ ಕೆಡ್ತು ಅಂತ ಇವ್ರೇ ಏಳ್ತಿದ್ರು,” ಎಂದು ಸೆರಗು ಬಾಯಿಗಿಟ್ಟು ನಗತೊಡಗಿದಳು.

ಶ್ರೀನಿವಾಸಪ್ಪ ನಗಲಿಲ್ಲ. ಬೋಲ್ಟಿಗೆ ಅಡ್ಡವಾಗಿ ಕೂತ. “ಉಜ್ಜಕ್ಕೆ ಬಿಡಲ್ಲ. ಬರೀ ಕಬ್ಬಿಣ ಬಿಟ್ರೆ ಒಂದೇ ಮಳೆಗೆ ತುಕ್ಕು ಇಡೀತದೆ. ಬ್ಯಾರೆ ಕಡೆಯಿಂದ ವೈರ್ ಎಳಿ.”

“ಇಂಜಿನ್ನಿಗೆ ಬೇರೆ ಕೇಬಲ್ ಎಳೀತೀನಿ ಶೀನಣ್ಣ. ಆದ್ರೆ ಲೈಟು, ಫ್ರಿಜ್ಜು ಎಲ್ಲಾದಕ್ಕೂ ಚಾಸಿನೇ ಅರ್ತು, ವಾಪಸ್ ಬರೋ ದಾರಿ. ಇಲ್ಲಿ ಒಂದು ಗಟ್ಟಿ ಜಾಯಿಂಟ್ ಬೇಕೇ ಬೇಕು.”

“ಆಗಲ್ಲ ಅಂದ್ನಲ್ಲ.”

ಭಾನುಪ್ರಿಯ ಇಂಜಿನ್ ಆರಿಸಿದಳು. ಲೈನು ನಿಶ್ಶಬ್ದವಾಯಿತು. ಅವಳು ಮಾವನ ಎದುರು ಕೂತಳು.

“ಮಾವ, ನಾಳೆ ಮುನಿಸ್ವಾಮಪ್ಪ ಈ ಗಾಡಿ ಕೊಂಡ್ಕೋತಾರೆ ಅಂತಿಟ್ಕೊಳ್ಳಿ. ಅವರ ಮನೆ ಮುಂದೆ ನಿಂತಿರೋ ಲಗೇಜ್ ಆಟೋ ನೋಡಿದ್ದೀರಲ್ಲ? ಟೊಮೆಟೊ ಕ್ರೇಟು ಎಳೆದೂ ಎಳೆದೂ ಪಕ್ಕದ ತಗಡು ಹೆಂಗಾಗೈತೆ? ಸಗಣಿ ಕೈಲಿ ಮುಟ್ಟಿ ಮುಟ್ಟಿ ಬಾಗಿಲು ಯಾವ ಬಣ್ಣ ಅಂತ ಗೊತ್ತಾಗಲ್ಲ. ಈ ಹಸ್ರು, ಈ ಕಪ್ಪು ಒಂದು ತಿಂಗಳು ಉಳಿಯಲ್ಲ. ಇಡೀ ಗಾಡಿ ಪೇಂಟು ಅವರಿಗೆ ಕೊಡ್ತೀರ. ನಮಗೆ ಒಂದು ಕಾಸಗಲ ಉಜ್ಜೋಕೆ ಬಿಡಲ್ಲ.”

ಶ್ರೀನಿವಾಸಪ್ಪ ರೇಜರನ್ನು ತಿರುಗಿಸಿ ನೋಡಿದ. ಆ ಆಟೋ ಅವನಿಗೆ ಚೆನ್ನಾಗಿ ಗೊತ್ತಿತ್ತು. ಅದರ ಮುಂದೆ ಹಾದುಹೋಗುವಾಗ ಅವನು ಬೇಕೆಂದೇ ರಸ್ತೆಯ ಆಚೆ ಬದಿ ನೋಡುತ್ತಿದ್ದ. ಭಾನುಪ್ರಿಯ ಮುನೇಶನ ಪೆಟ್ಟಿಗೆಯಿಂದ ಎಮೆರಿ ಪೇಪರಿನ ತುಂಡು ತೆಗೆದುಕೊಂಡು ಬೋಲ್ಟಿನ ಕಡೆ ಬಗ್ಗಿದಳು.

“ಕೊಡಿಲ್ಲಿ,” ಎಂದು ಅವನು ಕಿತ್ತುಕೊಂಡ. “ನೀನು ಉಜ್ಜಿದ್ರೆ ಕುರಿ ಮೇಯ್ದಂಗಿರ್ತದೆ.”

ಮುಖದ ನೊರೆ ಒಣಗಿ ಬಿರುಕು ಬಿಡುತ್ತಿದ್ದರೂ ತೊಳೆಯಲು ಏಳಲಿಲ್ಲ. ಬೋಲ್ಟು ಬಿಚ್ಚಿಸಿ, ಒಳಗಿಂದ ಟೇಪು ತರಿಸಿದ. ಬೋಲ್ಟಿನ ತೂತಿನ ಸುತ್ತ ತಿಂಬಲ್ ಎಷ್ಟಗಲವೋ ಅಷ್ಟು ಬಿಟ್ಟು, ಉಳಿದ ಕಡೆಗೆ ಟೇಪು ಅಂಟಿಸಿದ. ಮೊದಲು ದಪ್ಪ ಎಮೆರಿ, ಆಮೇಲೆ ನಯದ್ದು. ಕಪ್ಪಿನ ಕೆಳಗಿಂದ ಕೆಂಪು ಪ್ರೈಮರು ಬಂತು, ಅದರ ಕೆಳಗಿಂದ ಕಬ್ಬಿಣ ಬಂತು, ಬೆಳ್ಳಗೆ, ಕಂಪಾಸಿನಲ್ಲಿ ಬರೆದಂಥ ದುಂಡಗೆ. ಇಂಜಿನ್ ಪಟ್ಟಿಯ ಜಾಗವನ್ನೂ ಹಾಗೇ ಮಾಡಿದ. ಮುನೇಶ ಹೊಸ ಕಪ್ಪು ಕೇಬಲ್ಲು ಕತ್ತರಿಸಿ ತಿಂಬಲ್ ಹಾಕುತ್ತ, ಮಟನ್ ಅಂಗಡಿಗೆ ಫೋನ್ ಮಾಡಿ ತೊಡೆ ಮಾಂಸ ಎತ್ತಿಡಲು ಹೇಳಿದ.

“ಬಿಗಿದ ಮೇಲೆ ಗ್ರೀಸ್ ಹಚ್ತೀನಿ, ತುಕ್ಕು ಬರಲ್ಲ,” ಎಂದ.

“ಗ್ರೀಸಾ? ಧೂಳು ಮೆತ್ಕಂಡು ಅಸಯ್ಯ ಆಗ್ತದೆ. ಪೇಂಟ್ ಒಡೀತೀನಿ.”

“ಬಿಗಿದ ಮೇಲೆ ಮೇಲ್ಗಡೆ ನೀನು ಏನು ಬೇಕಾದ್ರೂ ಹೊಡ್ಕೊ. ಕೆಳಗಡೆ ಮಾತ್ರ ಬೇಡ ಸಾಮಿ.”

“ಎರಡ್ ಕೋಟು,” ಎಂದ ಶ್ರೀನಿವಾಸಪ್ಪ.

“ನಾಲ್ಕು ಹೊಡಿ.”

ಟೆಂಪೋ ಮತ್ತೆ ತಳ್ಳಿಸಿ ಸ್ಟಾರ್ಟ್ ಮಾಡಿದ ಮೇಲೆ, ಈ ಸಲ ಮೀಟರಿನ ಎರಡೂ ಕಡ್ಡಿಗಳನ್ನು ಭಾನುಪ್ರಿಯ ತಾನೇ ಹಿಡಿದು ಬ್ಯಾಟರಿಯ ಎರಡು ತುದಿಗೂ ಒತ್ತಿದಳು. ಎಲ್ಲ ಲೈಟು, ಫ್ರಿಜ್ಜು, ಫ್ಯಾನು ಓಡುತ್ತಿದ್ದಾಗಲೂ ಹದಿನಾಲ್ಕು ಚಿಲ್ಲರೆ. ಬೋಲ್ಟನ್ನು ಮುಟ್ಟಿ ನೋಡಿದಳು. ತಣ್ಣಗಿತ್ತು. ಶ್ರೀನಿವಾಸಪ್ಪ ಅಷ್ಟರಲ್ಲಿ ಬ್ರಷ್ಷು ಹಿಡಿದು ಬಂದಿದ್ದ. ಬ್ಯಾಟರಿ ಪೂರ್ತಿ ತುಂಬಲಿ ಎಂದು ಅವಳು ಮಧ್ಯಾಹ್ನ ಟೆಂಪೋ ತೆಗೆದುಕೊಂಡು ಬೇತಮಂಗಲದವರೆಗೆ ಸುಮ್ಮನೆ ಒಂದು ಸುತ್ತು ಹೋಗಿಬಂದಳು. ಒಬ್ಬಳೇ ಹೋದಳು. ಎಲ್ಲಿಯೂ ಇಂಜಿನ್ ಆರಿಸಲಿಲ್ಲ, ಧೈರ್ಯ ಸಾಲಲಿಲ್ಲ.

*

ಭಾನುವಾರ ಸಂಜೆ ಬಂಗಾರಪೇಟೆಯಲ್ಲಿ ಪಾನಿಪೂರಿಗೆಂದೇ ಕೋಲಾರದಿಂದಲೂ ಜನ ಬರುತ್ತಾರೆ. ಭಾನುಪ್ರಿಯ ಬೋರ್ಡಿನ ಲೈಟು ಹಾಕಿದಳು, ಫ್ಯಾನು ಹಾಕಿದಳು. ಕೌಂಟರಿನ ಮುಂದೆ ಜನ ತಟ್ಟೆ ಹಿಡಿದು ನಿಂತರು. ಅವಳು ಪೂರಿಯ ತಲೆಗೆ ಹೆಬ್ಬೆರಳಿನಿಂದ ತೂತು ಮಾಡಿ, ಈರುಳ್ಳಿ, ಕ್ಯಾರೆಟ್ಟು ತುಂಬಿ, ತಣ್ಣನೆಯ ಪಾನಿ ಹೊಯ್ದು ಒಬ್ಬೊಬ್ಬರ ತಟ್ಟೆಗೂ ಇಡುತ್ತ ಹೋದಳು. ಒಬ್ಬ ಗಂಡಸು ಎರಡನೆಯದನ್ನು ಬಾಯಿಗೆ ಹಾಕಿಕೊಂಡು ಕಣ್ಣೊರೆಸಿಕೊಂಡ. “ನೀರಿದ್ದಂಗೈತೆ ಅಂದ್ಕೊಂಡೆ,” ಎಂದ. “ಎಲ್ರೂ ಅಂಗೇ ಅಂದ್ಕೊಂಡು ಬತ್ತಾರೆ,” ಎಂದ ಸ್ಟೂಲಿನ ಮೇಲಿದ್ದ ಶ್ರೀನಿವಾಸಪ್ಪ.

ಪಾನಿ ಮುಗಿಯುತ್ತ ಬಂದಾಗ ಅವಳು ಮಿಕ್ಸಿಗೆ ಮೆಣಸಿನಕಾಯಿ, ಶುಂಠಿ ಹಾಕಿ ಗುಂಡಿ ಒತ್ತಿದಳು. ಮಾವ ಚಾಕು ನಿಲ್ಲಿಸಿ ಮೇಲಿನ ಲೈಟು ನೋಡಿದ. ಅದು ಒಮ್ಮೆ ಮಿಟುಕಿತು. ಮತ್ತೆ ಮೊದಲಿನಂತೆ ಉರಿಯಿತು. ಅವನು ಈರುಳ್ಳಿಗೆ ಮರಳಿದ. ಆಮೇಲೆ ಮತ್ತೆ ನೋಡಿದ. ಸಂಜೆಯೆಲ್ಲ ಹೀಗೆ ಕತ್ತೆತ್ತಿ ನೋಡುತ್ತಿದ್ದ. ಭಾನುಪ್ರಿಯ ನೋಡಲಿಲ್ಲ. ಅವಳಿಗೆ ಕೈಬಿಡುವಿರಲಿಲ್ಲ, ನೋಡಿದರೆ ಲೈಟು ಮಂಕಾದೀತೆಂಬ ಅನುಮಾನವೂ ಇತ್ತು.

ಪೂರಿ ಡಬ್ಬಗಳು ಖಾಲಿಯಾದವು. ಶಟರು ಇಳಿಸಿ, ಸ್ಟೂಲು ಒಳಗಿಟ್ಟು ಇಬ್ಬರೂ ಮುಂದಿನ ಸೀಟಿಗೆ ಬಂದರು. ಗೋಬಿ ಮಂಚೂರಿಯವನು ಕೈ ಒರೆಸಿಕೊಳ್ಳುತ್ತ ಟೆಂಪೋದ ಹಿಂದೆ ಬಂದು ನಿಂತೇಬಿಟ್ಟಿದ್ದ. ಯಾರೂ ಕರೆದಿರಲಿಲ್ಲ.

ಭಾನುಪ್ರಿಯ ಕೀ ತಿರುಗಿಸಿದಳು. ಸೆಲ್ಫು ಒಂದೇ ಎಳೆತಕ್ಕೆ ಇಂಜಿನ್ನನ್ನು ಎಬ್ಬಿಸಿತು. ಸೈಲೆನ್ಸರಿನ ಹೊಗೆ ಹಿಂದಿದ್ದವನ ಮುಖಕ್ಕೆ ಹೊಡೆದು ಅವನು ಕೆಮ್ಮುತ್ತ ಬದಿಗೆ ಹಾರಿದ. ಅವಳು ಇಂಜಿನ್ ಆರಿಸಿದಳು. ಮತ್ತೆ ಸ್ಟಾರ್ಟ್ ಮಾಡಿದಳು. ಮತ್ತೆ ಆರಿಸಿ, ಮತ್ತೆ ಮಾಡಿದಳು.

“ಡೀಸೆಲ್ ಏನು ಮ್ಯಾಗಿಂದ ಸುರೀತದಾ?” ಎಂದ ಶ್ರೀನಿವಾಸಪ್ಪ.

“ಕೇಳೋಕೆ ಚೆನ್ನಾಗೈತೆ ಮಾವ.”

ಅವನು ಜೇಬಿನಿಂದ ಫೋನು ತೆಗೆದ. ದೂರ ಹಿಡಿದು, ಕಣ್ಣು ಕಿರಿದು ಮಾಡಿ, ಒಂದು ನಂಬರು ಒತ್ತಿದ. ಭಾನುಪ್ರಿಯ ಗೇರಿನ ಮೇಲೆ ಕೈಯಿಟ್ಟು ಕಾದಳು.

“ಲೋ ಮುನಿಸ್ವಾಮಪ್ಪ, ನಾನು ಶೀನಪ್ಪ ಕಣ್ಲಾ. ನಾಳೆ ಬರಬ್ಯಾಡ… ಇಲ್ಲ ಇಲ್ಲ, ರೇಟಿನ ಮಾತಲ್ಲ. ಗಾಡೀಗೆ ಇವತ್ತು ಪೇಂಟ್ ಒಡ್ದೀವ್ನಿ, ಇನ್ನೂ ಒಣಗಿಲ್ಲ.”

ಆ ಕಡೆಯವನು ಯಾವಾಗ ಒಣಗುತ್ತದೆ ಎಂದು ಕೇಳಿದ್ದು ಭಾನುಪ್ರಿಯಳಿಗೂ ಕೇಳಿಸಿತು.

“ಏಳಕ್ಕಾಗಲ್ಲ,” ಎಂದ ಶ್ರೀನಿವಾಸಪ್ಪ. “ನಾಲ್ಕ್ ಕೋಟ್ ಆಕೀವ್ನಿ.”

ಫೋನು ಜೇಬಿಗಿಟ್ಟು ಅವನು ಕಿಟಕಿಯ ಆಚೆ ನೋಡಿದ. ಭಾನುಪ್ರಿಯ ಗೇರು ಹಾಕಿದಳು.